ಇ-ಗ್ರಾಮ್ ಸ್ವರಾಜ್ ಜಾಲತಾಣ: ಪಂಚಾಯಿತಿಯ ಲೆಕ್ಕ ಎಷ್ಟು ಕಾಣುತ್ತದೆ, ಎಲ್ಲಿ ಮರೆಯಾಗುತ್ತದೆ

ನಿಮ್ಮ ಬೀದಿಯ ಚರಂಡಿಗೆ ಎಷ್ಟು ದುಡ್ಡು ಬಿತ್ತು, ಅದು ಯಾವ ತಾರೀಖು ಯಾರ ಖಾತೆಗೆ ಹೋಯಿತು ಎಂದು ತಿಳಿಯಲು ಪಂಚಾಯಿತಿ ಕಚೇರಿಯ ಕಟ್ಟೆಯ ಮೇಲೆ ಕಾಯಬೇಕಾಗಿಲ್ಲ. ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಇ-ಗ್ರಾಮ್ ಸ್ವರಾಜ್ ಜಾಲತಾಣದಲ್ಲಿ ಇದು ಸಿಗುತ್ತದೆ. ಲಾಗಿನ್ ಬೇಡ, ಶುಲ್ಕವಿಲ್ಲ, ಯಾರ ಅನುಮತಿಯೂ ಬೇಕಿಲ್ಲ. 2020ರ ಏಪ್ರಿಲ್ 24ರಂದು, ಪಂಚಾಯತ್ ರಾಜ್ ದಿನದಂದು, ಇದು ಶುರುವಾಯಿತು. ಅದಕ್ಕೂ ಮುಂಚೆ ಯೋಜನೆಗೆ ಪ್ಲಾನ್‌ಪ್ಲಸ್, ಲೆಕ್ಕಕ್ಕೆ ಪ್ರಿಯಾಸಾಫ್ಟ್, ಕಾಮಗಾರಿಗೆ ಆಕ್ಷನ್‌ಸಾಫ್ಟ್ ಎಂದು ಬೇರೆ ಬೇರೆ ತಂತ್ರಾಂಶಗಳಿದ್ದವು. ಅವನ್ನೆಲ್ಲ ಒಂದೇ ಸೂರಿನಡಿ ತಂದದ್ದು ದೊಡ್ಡ ಕೆಲಸವೇ.

ತೀರ್ಪನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹಣಕಾಸು ಆಯೋಗದ ಅನುದಾನದ ಮಟ್ಟಿಗೆ ಇದು ಗಟ್ಟಿ ಸಾಧನ. ದುಡ್ಡು ಬ್ಯಾಂಕಿಗೆ ಹೋಗುವ ದಾರಿಯೇ ಇದರ ಮೂಲಕ ಹಾದುಹೋಗುವುದರಿಂದ ಇಲ್ಲಿ ಕಾಣುವ ಪಾವತಿ ಬರೀ ಬರೆದಿಟ್ಟ ಅಂಕಿಯಲ್ಲ. ಆದರೆ ಪಂಚಾಯಿತಿಯ ಇಡೀ ಲೆಕ್ಕ ಇಲ್ಲಿದೆ ಎಂದುಕೊಂಡು ಬಂದವರಿಗೆ ನಿರಾಸೆ ಖಂಡಿತ. ಕಾಮಗಾರಿ ನೆಲದ ಮೇಲೆ ಇದೆಯೋ ಇಲ್ಲವೋ ಎಂಬುದನ್ನಂತೂ ಇದು ಹೇಳುವುದೇ ಇಲ್ಲ. ಅದಕ್ಕೆ ಟೇಪು ಹಿಡಿದು ಹೋಗಲೇಬೇಕು.

ಮೊದಲು ಥೈಲಿಗಳ ವಿಚಾರ. ಒಂದೇ ಪಂಚಾಯಿತಿಗೆ ನಾಲ್ಕೈದು ಥೈಲಿಗಳಿರುತ್ತವೆ, ಪ್ರತಿಯೊಂದಕ್ಕೂ ಕಿಟಕಿ ಬೇರೆ. ಹಣಕಾಸು ಆಯೋಗದ ಅನುದಾನ ಇ-ಗ್ರಾಮ್ ಸ್ವರಾಜ್‌ನಲ್ಲಿ. ಮನೆ ಕಂದಾಯ, ನೀರಿನ ದರ, ಲೈಸೆನ್ಸ್ ಶುಲ್ಕ, ಸಂತೆ ಹರಾಜಿನಂಥ ಸ್ವಂತ ಸಂಪನ್ಮೂಲವನ್ನು ರಾಜ್ಯದ ಪಂಚತಂತ್ರ 2.0 ಜಾಲತಾಣದಲ್ಲಿ ಹುಡುಕಬೇಕು. ಉದ್ಯೋಗ ಖಾತ್ರಿಯ ಕೂಲಿ ಮತ್ತು ಸಾಮಗ್ರಿ ವೆಚ್ಚಕ್ಕೆ ಅದರದೇ ಜಾಲತಾಣವಿದೆ. ಜಲ ಜೀವನ್ ಮಿಷನ್ ಕೊಳಾಯಿ ಕೆಲಸ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಕೈಯಲ್ಲಿರುವುದರಿಂದ ಪಂಚಾಯಿತಿ ನಗದು ಪುಸ್ತಕದಲ್ಲಿ ಅದನ್ನು ಹುಡುಕಿ ಫಲವಿಲ್ಲ. ಶಾಸಕರ ನಿಧಿ, ಸಂಸದರ ನಿಧಿಯೂ ಹಾಗೆಯೇ. ಊರಿನ ರಸ್ತೆಯೊಂದು ಇ-ಗ್ರಾಮ್ ಸ್ವರಾಜ್‌ನಲ್ಲಿ ಕಾಣುತ್ತಿಲ್ಲ ಎಂದಮಾತ್ರಕ್ಕೆ ಲೆಕ್ಕ ಮುಚ್ಚಿಟ್ಟಿದ್ದಾರೆ ಎಂದು ಅರ್ಥವಲ್ಲ. ಬೇರೆ ಥೈಲಿಯಿಂದ ದುಡ್ಡು ಬಂದಿರಬಹುದು. ಈ ಒಂದು ಸಂಗತಿ ಗೊತ್ತಿಲ್ಲದೆ ಗ್ರಾಮಸಭೆಯಲ್ಲಿ ಕೂಗಾಡಿ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಒಂದೇ ಮಾತಿನಲ್ಲಿ ಉತ್ತರ ಕೊಟ್ಟಾಗ ತೆಪ್ಪಗೆ ಕೂರಬೇಕಾದ ಸ್ಥಿತಿ ಬರುತ್ತದೆ.

ಇಲ್ಲಿ ಕಾಣುವ ಥೈಲಿಯೇನೂ ಚಿಕ್ಕದಲ್ಲ. 15ನೇ ಹಣಕಾಸು ಆಯೋಗ 2021ರಿಂದ 2026ರವರೆಗೆ ದೇಶದ ಗ್ರಾಮೀಣ ಸ್ಥಳೀಯ ಸಂಸ್ಥೆಗಳಿಗೆ ಶಿಫಾರಸು ಮಾಡಿದ್ದು 2,36,805 ಕೋಟಿ ರೂಪಾಯಿ. ಅದರಲ್ಲಿ ಶೇ. 60 ನಿರ್ಬಂಧಿತ, ಶೇ. 40 ನಿರ್ಬಂಧವಿಲ್ಲದ್ದು. ನಿರ್ಬಂಧಿತ ಭಾಗದಲ್ಲಿ ಅರ್ಧ ನೈರ್ಮಲ್ಯಕ್ಕೆ, ಇನ್ನರ್ಧ ಕುಡಿಯುವ ನೀರು, ಮಳೆನೀರು ಸಂಗ್ರಹ, ನೀರಿನ ಮರುಬಳಕೆಗೆ. ನಿರ್ಬಂಧವಿಲ್ಲದ ಭಾಗವನ್ನು ಸ್ಥಳೀಯ ಅಗತ್ಯಕ್ಕೆ ತಕ್ಕಂತೆ ಬಳಸಬಹುದು, ಆದರೆ ಸಂಬಳ ಮತ್ತು ಕಚೇರಿ ಸಿಬ್ಬಂದಿ ವೆಚ್ಚಕ್ಕೆ ಮುಟ್ಟುವಂತಿಲ್ಲ. ಆಯೋಗದ ಮೊದಲ ವರದಿಯ 2020-21ನೇ ಸಾಲಿಗೆ ಮಾತ್ರ ಈ ಪಾಲು 50-50 ಇತ್ತು. ಹಳೆಯ ವರ್ಷದ ಲೆಕ್ಕ ನೋಡುವವರು ಇದನ್ನು ನೆನಪಿಡಬೇಕು, ಇಲ್ಲದಿದ್ದರೆ ಸರಿಯಾದ ಲೆಕ್ಕವೇ ತಪ್ಪಾಗಿ ಕಾಣುತ್ತದೆ.

ಈಗ ಬಳಸುವ ಬಗೆ. ಮೆನುವಿನ ಜಾಗ ಆಗಾಗ ಬದಲಾಗುತ್ತದೆ, ಆದ್ದರಿಂದ ವರದಿಯ ಹೆಸರನ್ನು ನೆನಪಿಟ್ಟುಕೊಳ್ಳಿ. ನಮಗೆ ಬೇಕಾದವು ಎರಡೇ ಗುಂಪು: ಪ್ಲಾನಿಂಗ್ ಮತ್ತು ಅಕೌಂಟಿಂಗ್. ಪ್ಲಾನಿಂಗ್‌ನಲ್ಲಿ ಅನುಮೋದಿತ ಕ್ರಿಯಾ ಯೋಜನೆ, ಅಕೌಂಟಿಂಗ್‌ನಲ್ಲಿ ನಗದು ಪುಸ್ತಕ ಮತ್ತು ಜಮಾ-ಪಾವತಿ ವೋಚರ್. ವರ್ಷ ಮತ್ತು ರಾಜ್ಯ ಆರಿಸಿ, ಕ್ಯಾಪ್ಚಾ ತುಂಬಿ, ಜಿಲ್ಲೆಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಗ್ರಾಮಕ್ಕೆ ಇಳಿಯುತ್ತಾ ಹೋಗಬೇಕು. ಮೊಬೈಲಿನಲ್ಲಿ ಕೋಷ್ಟಕಗಳು ಪರದೆಯಿಂದಾಚೆ ಹರಿದುಹೋಗುತ್ತವೆ, ಸಾಧ್ಯವಾದರೆ ಕಂಪ್ಯೂಟರಿನಲ್ಲಿ ನೋಡಿ. ಮೊಬೈಲೇ ಗತಿ ಎನ್ನುವವರಿಗೆ ಮೇರಿ ಪಂಚಾಯತ್ ಆ್ಯಪ್ ಇದೆ. ಇದೇ ಮಾಹಿತಿಯ ಸಾರಾಂಶ ಅದರಲ್ಲಿ ಸಿಗುತ್ತದೆ, ಆದರೆ ಲೆಕ್ಕ ತಾಳೆ ನೋಡುವುದಕ್ಕೆ ಅದು ಸಾಲದು.

ಮೊದಲ ಎಡವಟ್ಟು ಊರಿನ ಹೆಸರಿನಲ್ಲೇ. ಹೆಸರುಗಳು ಇಂಗ್ಲಿಷ್ ಅಕ್ಷರದಲ್ಲಿವೆ, ಕಾಗುಣಿತ ಒಂದೊಂದು ಕಡೆ ಒಂದೊಂದು ಥರ. ಹೊಸಹಳ್ಳಿ, ಹೊಸೂರು, ಬೇವಿನಹಳ್ಳಿಗಳಂತೂ ತಾಲ್ಲೂಕಿಗೊಂದು. ಪ್ರತಿ ಪಂಚಾಯಿತಿಗೂ ಸ್ಥಳೀಯ ಸರ್ಕಾರ ಡೈರೆಕ್ಟರಿಯ ಕೋಡ್ ಇರುತ್ತದೆ, ಎಲ್‌ಜಿಡಿ ಕೋಡ್ ಎನ್ನುತ್ತಾರೆ. ಒಮ್ಮೆ ಅದನ್ನು ಹುಡುಕಿ ಬರೆದಿಟ್ಟುಕೊಂಡರೆ ಬೇರೆಯವರ ಲೆಕ್ಕವನ್ನು ನಮ್ಮೂರಿನದೆಂದು ಓದುವ ಪ್ರಮಾದ ತಪ್ಪುತ್ತದೆ.

ಕ್ರಿಯಾ ಯೋಜನೆಯ ವರದಿ ತೆರೆದಾಗ ಉದ್ದನೆಯ ಪಟ್ಟಿ ಬರುತ್ತದೆ. ನಮ್ಮಲ್ಲಿ ‘ನಮ್ಮ ಗ್ರಾಮ ನಮ್ಮ ಯೋಜನೆ’ ಎನ್ನುತ್ತೇವಲ್ಲ, ಅದರಿಂದಲೇ ಹುಟ್ಟಿದ ಪಟ್ಟಿ ಇದು. ಇದನ್ನು ಖರ್ಚಿನ ಪಟ್ಟಿ ಎಂದು ಓದಬೇಡಿ. ಮಾಡಬೇಕು ಎಂದುಕೊಂಡ ಕೆಲಸಗಳು ಇಲ್ಲಿರುತ್ತವೆ, ಎಲ್ಲವೂ ಆಗುವುದಿಲ್ಲ, ಕೆಲವು ಮುಂದಿನ ವರ್ಷಕ್ಕೆ ಹೋಗುತ್ತವೆ. ಇಲ್ಲಿಂದ ತೆಗೆದುಕೊಳ್ಳಬೇಕಾದ್ದು ಎರಡೇ: ಕಾಮಗಾರಿಯ ಕೋಡ್ ಸಂಖ್ಯೆ ಮತ್ತು ಅಂದಾಜು ಮೊತ್ತ.

ಜಾಲತಾಣದ ನಿಜವಾದ ಬೆಲೆ ಇರುವುದು ವೋಚರಿನಲ್ಲಿ. ಒಂದು ವೋಚರ್ ಸಂಖ್ಯೆಯನ್ನು ಹತ್ತಿರದಿಂದ ನೋಡಿ: ‘ಎಕ್ಸ್‌ವಿಎಫ್‌ಸಿ/2022-23/ಪಿ/14’. ಮೊದಲ ತುಂಡು ಯೋಜನೆ, ಅಂದರೆ 15ನೇ ಹಣಕಾಸು ಆಯೋಗ. ಎರಡನೆಯದು ಹಣಕಾಸು ವರ್ಷ. ಮೂರನೆಯ ಅಕ್ಷರ ಪಿ ಇದ್ದರೆ ಪಾವತಿ, ಆರ್ ಇದ್ದರೆ ಜಮಾ, ಸಿ ಇದ್ದರೆ ಒಂದು ಖಾತೆಯಿಂದ ಇನ್ನೊಂದಕ್ಕೆ ಬದಲಾವಣೆ. ಕೊನೆಯದು ಕ್ರಮಸಂಖ್ಯೆ. ವರ್ಷ ಎಂದರೆ ಪಾವತಿ ಆದ ವರ್ಷ, ಕಾಮಗಾರಿ ಯೋಜಿಸಿದ ವರ್ಷವಲ್ಲ. 2021-22ರ ಯೋಜನೆಯ ಚರಂಡಿಗೆ ಬಿಲ್ ಆಗಿದ್ದು 2022ರ ಜೂನ್‌ನಲ್ಲಾದರೆ ವೋಚರು 2022-23ರಲ್ಲಿ ಸಿಗುತ್ತದೆ. ಹಿಂದಿನ ವರ್ಷದಲ್ಲಿ ಹುಡುಕಿ ಸಿಗಲಿಲ್ಲ ಎಂದು ಕೈಬಿಡುವವರೇ ಹೆಚ್ಚು. ಒಂದು ಕಾಮಗಾರಿಗೆ ಕನಿಷ್ಠ ಮೂರು ವರ್ಷದ ವೋಚರ್ ತೆರೆದು ನೋಡುವುದು ಕ್ಷೇಮ.

ಕ್ರಮಸಂಖ್ಯೆ ಸಾಲಾಗಿ ಇದೆಯೇ ನೋಡಿ. ನಂತರ ನಗದು ಪುಸ್ತಕಕ್ಕೆ ಬನ್ನಿ. ಆರಂಭಿಕ ಶಿಲ್ಕಿಗೆ ವರ್ಷದ ಜಮಾ ಕೂಡಿಸಿ, ಪಾವತಿ ಕಳೆದರೆ ಅಂತಿಮ ಶಿಲ್ಕು ಬರಬೇಕು, ಅದೇ ಮೊತ್ತ ಮುಂದಿನ ವರ್ಷದ ಆರಂಭಿಕ ಶಿಲ್ಕಾಗಿರಬೇಕು. ಇದು ಶಾಲೆಯ ಲೆಕ್ಕ, ಆದರೂ ಯಾರೂ ಮಾಡುವುದಿಲ್ಲ. ತಾಳೆಯಾಗದಿದ್ದರೆ ಮೊದಲು ಆ ವರ್ಷದ ತಿಂಗಳ ಪುಸ್ತಕ ಮುಚ್ಚಿದ್ದಾರೆಯೇ ನೋಡಿ. ಮುಚ್ಚದೆ ಬಿಟ್ಟ ತಿಂಗಳಿದ್ದರೆ ಅಂಕಿ ಇನ್ನೂ ಬದಲಾಗಬಹುದು. ನಿರ್ಬಂಧಿತ ಮತ್ತು ನಿರ್ಬಂಧವಿಲ್ಲದ ಅನುದಾನದ ಜಮಾ ಬೇರೆ ಬೇರೆ ತೋರಿಸಿರುತ್ತಾರೆ. ನಿರ್ಬಂಧಿತದಿಂದ ಸಿಸಿ ರಸ್ತೆಗೋ ಸಮುದಾಯ ಭವನಕ್ಕೋ ದುಡ್ಡು ಹೋಗಿದ್ದರೆ ಅದು ಕೇಳಲೇಬೇಕಾದ ಪ್ರಶ್ನೆ.

ಒಂದೇ ಮೊತ್ತ, ಒಂದೇ ಹೆಸರಿಗೆ ಎರಡು ಸಲ ಹೋಗಿರುವಂತೆ ಕಂಡರೆ ತಕ್ಷಣ ದೂರು ಬರೆಯಬೇಡಿ. ಬ್ಯಾಂಕು ತಿರಸ್ಕರಿಸಿದ ಪಾವತಿಯನ್ನು ಮತ್ತೆ ಮಾಡಿರಬಹುದು. ಖಾತೆ ಸಂಖ್ಯೆಯಲ್ಲಿ ಒಂದಂಕಿ ತಪ್ಪಿದರೂ, ಐಎಫ್‌ಎಸ್‌ಸಿ ಹಳೆಯದಾಗಿದ್ದರೂ ದುಡ್ಡು ವಾಪಸು ಬರುತ್ತದೆ. ಕರ್ನಾಟಕದಲ್ಲಿ ಇದು ವಿಶೇಷವಾಗಿ ಕಾಡಿದ ವಿಷಯ. 2019ರ ಏಪ್ರಿಲ್‌ನಲ್ಲಿ ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದೊಳಗೆ, ಮರುವರ್ಷ ಏಪ್ರಿಲ್‌ನಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾದೊಳಗೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನೊಳಗೆ ಸೇರಿಹೋದವು. ಹಳ್ಳಿಯ ಗುತ್ತಿಗೆದಾರರ, ಅಂಗಡಿಯವರ ಖಾತೆಗಳಲ್ಲಿ ಬಹಳಷ್ಟು ಇದ್ದದ್ದೇ ಈ ಬ್ಯಾಂಕುಗಳಲ್ಲಿ. ಹಾಗಾಗಿ ಮೊದಲು ಜಮಾ ಕಡೆ ಅದೇ ಮೊತ್ತ ಹಿಂತಿರುಗಿದೆಯೇ ನೋಡಿ. ಹಿಂತಿರುಗಿಲ್ಲದೆ ಎರಡು ಸಲ ಹೋಗಿದ್ದರೆ ಆಗ ವಿಷಯ ಗಂಭೀರ.

ಇನ್ನೊಂದು ಗೊಂದಲ ಬಿಲ್ಲಿನ ಮೊತ್ತ ಮತ್ತು ಗುತ್ತಿಗೆದಾರನಿಗೆ ಹೋದ ಮೊತ್ತದ ನಡುವಿನ ವ್ಯತ್ಯಾಸ. ಕೆಲಸದ ಮೌಲ್ಯ 3,00,000 ರೂಪಾಯಿ, ಅದರ ಮೇಲೆ ಶೇ. 18 ಜಿಎಸ್‌ಟಿ 54,000 ಎಂದಿಟ್ಟುಕೊಳ್ಳಿ. ಬಿಲ್ 3,54,000. ಗುತ್ತಿಗೆ ಮೌಲ್ಯ 2.5 ಲಕ್ಷ ದಾಟಿದ್ದರಿಂದ ಶೇ. 2 ಜಿಎಸ್‌ಟಿ ಮುರಿತ 6,000. ಗುತ್ತಿಗೆದಾರ ಒಬ್ಬ ವ್ಯಕ್ತಿಯಾಗಿದ್ದರೆ ಆದಾಯ ತೆರಿಗೆ ಮುರಿತ ಶೇ. 1, ಅಂದರೆ 3,000. ಕಾರ್ಮಿಕ ಕಲ್ಯಾಣ ಸೆಸ್ ಶೇ. 1, ಇನ್ನೊಂದು 3,000. ಕೈಗೆ ಹೋಗುವುದು 3,42,000. ಮರಳು, ಜಲ್ಲಿಯ ರಾಜಧನ, ಭದ್ರತಾ ಠೇವಣಿ ಮುರಿದರೆ ಇನ್ನೂ ಕಡಿಮೆ. ಮುರಿತದ ಈ ಚಿಲ್ಲರೆ ಮೊತ್ತಗಳು ತೆರಿಗೆ ಇಲಾಖೆ, ಕಾರ್ಮಿಕ ಮಂಡಳಿಯ ಹೆಸರಿಗೆ ಬೇರೆ ವೋಚರಾಗಿ ಕಾಣಬಹುದು. ಇಲ್ಲಿ ‘12,000 ರೂಪಾಯಿ ನುಂಗಿದರು’ ಎನ್ನುವುದು ತಪ್ಪು. ನೋಡಬೇಕಾದ್ದು ಮುರಿದ ದುಡ್ಡನ್ನು ಕಟ್ಟಬೇಕಾದ ಕಡೆ ಕಟ್ಟಿದ್ದಾರೆಯೇ ಎಂದು.

ಹಾಗಾದರೆ ಕೇಳುವಂಥ ಪ್ರಶ್ನೆ ಎಲ್ಲಿ ಹುಟ್ಟುತ್ತದೆ? ಮೊದಲನೆಯದು ತುಂಡು ಕಾಮಗಾರಿ. ಸಾರ್ವಜನಿಕ ಖರೀದಿಗೆ ಸಂಬಂಧಿಸಿದ ರಾಜ್ಯದ ಪಾರದರ್ಶಕತೆ ಕಾಯ್ದೆ, 1999ರದ್ದು, ಕೆಟಿಪಿಪಿ ಎಂದೇ ಎಲ್ಲರಿಗೂ ಪರಿಚಿತ. ನಿರ್ಮಾಣ ಕಾಮಗಾರಿ 5 ಲಕ್ಷ ದಾಟಿದರೆ ಟೆಂಡರ್ ಕರೆಯಬೇಕು. ಒಂದೇ ಬೀದಿಯ ರಸ್ತೆ ‘ಅಂಗನವಾಡಿಯಿಂದ ದೇವಸ್ಥಾನದವರೆಗೆ’ 4,90,000, ‘ದೇವಸ್ಥಾನದಿಂದ ಹಾಲಿನ ಡೇರಿವರೆಗೆ’ 4,85,000 ಎಂದು ಎರಡು ಕೋಡ್‌ಗಳಲ್ಲಿ, ಒಂದೇ ತಿಂಗಳಲ್ಲಿ, ಒಂದೇ ಹೆಸರಿಗೆ ಹೋಗಿದ್ದರೆ ಆ ಎರಡು ಸಾಲುಗಳನ್ನು ಒಟ್ಟಿಗೆ ಮುದ್ರಿಸಿಕೊಳ್ಳಿ. ಎರಡನೆಯದು, ಮಾರ್ಚ್ ಕೊನೆಯ ವಾರದ ವೋಚರುಗಳು. ಕೆಲಸ ಮುಗಿಯುವ ಮುಂಚೆಯೇ ಬಿಲ್ ಮಾಡಿಬಿಡುವ ಒತ್ತಡ ಇರುವುದು ಆಗಲೇ. ಮೂರನೆಯದು ರಿಪೇರಿ ವೆಚ್ಚ. ಬೋರ್‌ವೆಲ್ ಮೋಟಾರ್ ರಿಪೇರಿ, ಬೀದಿದೀಪ ಸಾಮಗ್ರಿ, ಬ್ಲೀಚಿಂಗ್ ಪುಡಿ ಇಂಥವು ಸಣ್ಣ ಸಣ್ಣ ಮೊತ್ತ, ಆದರೆ ವರ್ಷಕ್ಕೆ ಕೂಡಿಸಿದರೆ ಒಂದು ರಸ್ತೆಯ ಬೆಲೆ ಆಗುತ್ತದೆ. ಈ ಸಾಲುಗಳಿಗೆ ನೆಲದ ಮೇಲೆ ಅಳೆಯಲು ಏನೂ ಉಳಿದಿರುವುದಿಲ್ಲ, ದಾಸ್ತಾನು ಪುಸ್ತಕ ನೋಡದೆ ಬೇರೆ ದಾರಿಯಿಲ್ಲ.

ಜಾಲತಾಣದ ದೊಡ್ಡ ಕೊರತೆ ಕಾಮಗಾರಿಯ ವಿವರಣೆ. ‘ಸಿಸಿ ಡ್ರೈನ್ ನಿರ್ಮಾಣ’ ಎಂದಷ್ಟೇ ಬರೆದ ಸಾಲುಗಳು ರಾಶಿ ಬಿದ್ದಿರುತ್ತವೆ. ಯಾವ ವಾರ್ಡು, ಯಾರ ಮನೆಯಿಂದ ಯಾರ ಮನೆವರೆಗೆ, ಎಷ್ಟು ಮೀಟರು ಎಂಬುದಿಲ್ಲ. ಭಾಷೆ ಬದಲಿಸುವ ಸೌಲಭ್ಯ ಬಳಸಿದರೆ ಯಂತ್ರಾನುವಾದದ ಕನ್ನಡ ಬರುತ್ತದೆ, ಅದರಿಂದ ಜಾಗ ಗೊತ್ತಾಗುವುದಿಲ್ಲ. ವಿವರ ತುಂಬುವ ಕಡೆಯೇ ಉದ್ದ, ಅಗಲ, ದಪ್ಪ, ಆರಂಭ ಮತ್ತು ಕೊನೆಯ ಗುರುತು ಕಡ್ಡಾಯ ಮಾಡಿದರೆ ಸಾಕಿತ್ತು, ಸಾರ್ವಜನಿಕರ ಕೆಲಸ ಅರ್ಧಕ್ಕರ್ಧ ಹಗುರವಾಗುತ್ತಿತ್ತು. ಇಷ್ಟು ವರ್ಷ ಕಳೆದರೂ ಅದು ಆಗಿಲ್ಲದಿರುವುದು ಬೇಸರದ ಸಂಗತಿ. ಕೆಲಸಕ್ಕೆ ಮುಂಚೆ, ನಡೆಯುವಾಗ, ಮುಗಿದ ಮೇಲೆ ಎಂದು ಮೂರು ಹಂತದಲ್ಲಿ ಜಿಯೋಟ್ಯಾಗ್ ಮಾಡಿದ ಫೋಟೊ ತೆಗೆಯುವ ವ್ಯವಸ್ಥೆ ಇದೆ. ಫೋಟೊ ಸಿಕ್ಕಿದ ಕಡೆ ಅಕ್ಷಾಂಶ ರೇಖಾಂಶವನ್ನು ನಕ್ಷೆಯಲ್ಲಿ ಹಾಕಿ ನೋಡಿ. ಮೂರೂ ಹಂತದ ಫೋಟೊದಲ್ಲಿ ಹಿನ್ನೆಲೆಯ ಕಂಬ, ಗೋಡೆ, ಮರ ಒಂದೇ ಇರಬೇಕು.

ವಿವರಣೆಯ ಈ ಕೊರತೆಯನ್ನು ತುಂಬಿಕೊಳ್ಳುವುದು ಮಾಹಿತಿ ಹಕ್ಕಿನ ಅರ್ಜಿಯಿಂದ. ಕರ್ನಾಟಕದ ನಿಯಮದಂತೆ ನಮೂನೆ ‘ಎ’, ಶುಲ್ಕ 10 ರೂಪಾಯಿ, ಒಂದೇ ವಿಷಯ, 150 ಪದದೊಳಗೆ. ಪ್ರತಿಗೆ ಪುಟಕ್ಕೆ 2 ರೂಪಾಯಿ. ‘ಐದು ವರ್ಷದ ಎಲ್ಲ ಕಾಮಗಾರಿಗಳ ಸಂಪೂರ್ಣ ದಾಖಲೆ’ ಎಂದು ಬರೆದರೆ ಅರ್ಜಿ ಅಲ್ಲಿಗೇ ಕುಂಟುತ್ತದೆ. ವೋಚರ್ ಸಂಖ್ಯೆ ಕೈಯಲ್ಲಿದ್ದರೆ ಹೀಗೆ ಬರೆಯಬಹುದು: ‘ಈ ಸಂಖ್ಯೆಯ ವೋಚರಿಗೆ ಸಂಬಂಧಿಸಿದ ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಪುಟಗಳು ಮತ್ತು ಬಿಲ್ಲಿನ ದೃಢೀಕೃತ ಪ್ರತಿ.’ ನಾಲ್ಕು ದಾಖಲೆ, ಹೆಚ್ಚೆಂದರೆ ಹದಿನೈದು ಇಪ್ಪತ್ತು ಪುಟ. ಇಲ್ಲ ಎನ್ನಲು ಕಾರಣವೇ ಉಳಿಯುವುದಿಲ್ಲ. ಉತ್ತರಕ್ಕೆ 30 ದಿನ. ಬರದಿದ್ದರೆ ಮೊದಲ ಮೇಲ್ಮನವಿ ತಾಲ್ಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿಗೆ. ಇದೇ ಕಾಯ್ದೆಯ 2(ಜೆ) ಕಲಮಿನಲ್ಲಿ ಕಾಮಗಾರಿಯನ್ನೇ ಪರಿಶೀಲಿಸುವ, ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ ಇದೆ. ಬಹಳ ಜನಕ್ಕೆ ಇದು ಗೊತ್ತಿಲ್ಲ.

ಅಳತೆ ಪುಸ್ತಕ, ಅಂದರೆ ಎಂ.ಬಿ., ಕೈಗೆ ಬಂದ ಮೇಲೆ ಲೆಕ್ಕ ಸುಲಭ. ಸಿಸಿ ರಸ್ತೆ 100 ಮೀಟರ್ ಉದ್ದ, 3 ಮೀಟರ್ ಅಗಲ, 0.15 ಮೀಟರ್ ದಪ್ಪ ಎಂದಿದ್ದರೆ ಕಾಂಕ್ರೀಟು 45 ಘನ ಮೀಟರ್. ದುಡ್ಡು ಕೊಟ್ಟಿರುವುದು ಈ 45ಕ್ಕೆ. ರಸ್ತೆಯ ಅಂಚಿನಲ್ಲಿ ಮಣ್ಣು ಸರಿಸಿ ಸ್ಕೇಲು ಇಟ್ಟು ನೋಡಿ. ದಪ್ಪ 10 ಸೆಂಟಿಮೀಟರ್ ಮಾತ್ರ ಸಿಕ್ಕರೆ ನೆಲದಲ್ಲಿರುವುದು 30 ಘನ ಮೀಟರ್, ಮೂರರಲ್ಲಿ ಒಂದು ಪಾಲು ಇಲ್ಲ. ಉದ್ದ ಅಗಲದಲ್ಲಿ ಮೋಸ ಮಾಡುವುದು ಕಷ್ಟ, ಕಣ್ಣಿಗೆ ಕಾಣುತ್ತದೆ. ದಪ್ಪವೇ ಸಾಮಾನ್ಯವಾಗಿ ತಿಂದುಹೋಗುವುದು. ಆದರೆ ಅಂಚಿನ ಒಂದೇ ಜಾಗ ನೋಡಿ ತೀರ್ಮಾನಿಸಬೇಡಿ. ಎರಡೂ ಬದಿಯಲ್ಲಿ, ಕನಿಷ್ಠ ಆರು ಕಡೆ ಅಳೆದು ಸರಾಸರಿ ತೆಗೆಯಿರಿ. ಅಂದಾಜು ಪಟ್ಟಿಯಲ್ಲಿ ಕೆಳಗಿನ ಜಲ್ಲಿ ಪದರವನ್ನು ಬೇರೆ ಸಾಲಿನಲ್ಲಿ ತೋರಿಸಿದ್ದಾರೆಯೇ ಎಂದೂ ನೋಡಿ, ಅದನ್ನು ಕಾಂಕ್ರೀಟಿನ ದಪ್ಪದೊಂದಿಗೆ ಬೆರೆಸಬಾರದು.

ಪಂಚತಂತ್ರ 2.0ರ ಬಗ್ಗೆ ಎರಡು ಮಾತು. ಮನೆ ಕಂದಾಯ ಕಟ್ಟುವುದಕ್ಕೆ, ತಮ್ಮ ಆಸ್ತಿಯ ಬಾಕಿ ನೋಡುವುದಕ್ಕೆ ಅದು ಅನುಕೂಲವೇ. ನೀವು ಕಟ್ಟುವ ಮೊತ್ತದಲ್ಲಿ ಕಂದಾಯದ ಜೊತೆ ಗ್ರಂಥಾಲಯ ಕರ ಶೇ. 6, ಭಿಕ್ಷುಕರ ಕರ ಶೇ. 3 ಮುಂತಾದ ಸೆಸ್ಸುಗಳಿರುತ್ತವೆ. ಅವು ಪಂಚಾಯಿತಿಯ ಖರ್ಚಿಗೆ ಸೇರಿದವಲ್ಲ, ಆಯಾ ಪ್ರಾಧಿಕಾರಕ್ಕೆ ಕಳಿಸಬೇಕಾದವು. ರಸೀದಿಯಲ್ಲಿ ಬಿಡಿಸಿ ಬರೆದಿರಬೇಕು. ಆದರೆ ಸ್ವಂತ ಸಂಪನ್ಮೂಲ ಯಾವುದಕ್ಕೆ ಖರ್ಚಾಯಿತು ಎಂಬುದನ್ನು ಹಣಕಾಸು ಆಯೋಗದ ವೋಚರಿನಷ್ಟು ಸಲೀಸಾಗಿ ಅಲ್ಲಿ ಹಿಡಿಯಲು ಬರುವುದಿಲ್ಲ. ಜನ ನೇರವಾಗಿ ಕಟ್ಟಿದ ದುಡ್ಡಿನ ಲೆಕ್ಕವೇ ಹೆಚ್ಚು ಮಸುಕಾಗಿರುವುದು ಸರಿಯಲ್ಲ.

ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳ ಪುಟಗಳೂ ಇ-ಗ್ರಾಮ್ ಸ್ವರಾಜ್‌ನಲ್ಲಿವೆ. 2016ರಲ್ಲಿ ಆಯ್ಕೆಯಾದವರ ಅವಧಿ 2021ರಲ್ಲಿ ಮುಗಿದ ಮೇಲೆ ಅಲ್ಲಿ ಆಡಳಿತಾಧಿಕಾರಿಗಳ ಕಾರುಬಾರು ಬಂತು. ಆ ವರ್ಷಗಳ ವೋಚರಿನ ಬಗ್ಗೆ ಕೇಳಬೇಕಾದ್ದು ಸದಸ್ಯರನ್ನಲ್ಲ, ಅಧಿಕಾರಿಯನ್ನು.

ಇಷ್ಟೆಲ್ಲ ಮುದ್ರಿಸಿಕೊಂಡು ಎಲ್ಲಿಗೆ ಒಯ್ಯಬೇಕು? ಜಮಾಬಂದಿಗೆ, ಅಂದರೆ ಪಂಚಾಯಿತಿಯ ವಾರ್ಷಿಕ ಲೆಕ್ಕ ಪರಿಶೀಲನೆಗೆ. ಗ್ರಾಮಸಭೆಗೆ ಮತದಾರರಲ್ಲಿ ಹತ್ತನೇ ಒಂದು ಭಾಗ ಅಥವಾ 100 ಜನ, ಯಾವುದು ಕಡಿಮೆಯೋ ಅಷ್ಟು ಕೋರಂ ಬೇಕು. ಅಲ್ಲಿ ಮನೆ ಪಟ್ಟಿ, ಫಲಾನುಭವಿ ಆಯ್ಕೆಯ ಗದ್ದಲದಲ್ಲಿ ಲೆಕ್ಕಕ್ಕೆ ಸಮಯ ಸಿಗುವುದಿಲ್ಲ. ಜಮಾಬಂದಿ ಇರುವುದೇ ಲೆಕ್ಕಕ್ಕೆ. ರಾಜ್ಯದಲ್ಲಿ 2000ನೇ ಇಸವಿಯ ನಿಯಮದಂತೆ ಪ್ರತಿವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ನಡೆಯಬೇಕು. ಹಿಂದಿನ ಸಾಲಿನ ನಗದು ಪುಸ್ತಕ, ವೋಚರು, ಎಂ.ಬಿ. ಎಲ್ಲ ಮೇಜಿನ ಮೇಲಿರಬೇಕು, ಕಾಮಗಾರಿ ಸ್ಥಳಕ್ಕೂ ಹೋಗಿ ನೋಡಬೇಕು. ಆಗಸ್ಟ್ ಮೊದಲ ವಾರದಲ್ಲೇ ಕಚೇರಿಗೆ ಹೋಗಿ ನಿಮ್ಮ ಪಂಚಾಯಿತಿಯ ದಿನಾಂಕ ಕೇಳಿ. ಎರಡು ವೋಚರು, ಹೆಚ್ಚೆಂದರೆ ಮೂರು ಆರಿಸಿಕೊಂಡು ಹೋಗಿ. ಇಪ್ಪತ್ತು ಪ್ರಶ್ನೆ ಹಿಡಿದು ಹೋದರೆ ಎಲ್ಲಕ್ಕೂ ಅರೆಬರೆ ಉತ್ತರ ಸಿಕ್ಕಿ ಮುಗಿಯುತ್ತದೆ. ಕೇಳಿದ್ದು ನಡವಳಿಯಲ್ಲಿ ದಾಖಲಾಯಿತೇ ಎಂದು ಅಲ್ಲೇ ಓದಿಸಿಕೊಳ್ಳಿ, ನಿಮ್ಮ ಸಹಿ ಅದರ ಕೆಳಗೆ ಇರಲಿ.

ಸ್ಥಳ ಪರಿಶೀಲನೆಗೆ 30 ಮೀಟರಿನ ಬಟ್ಟೆ ಅಥವಾ ಫೈಬರ್ ಟೇಪು ಒಯ್ಯಿರಿ. ಬಡಗಿಗಳ 5 ಮೀಟರಿನ ಸ್ಟೀಲ್ ಟೇಪಿನಲ್ಲಿ 100 ಮೀಟರ್ ಅಳೆಯಲು ಇಪ್ಪತ್ತು ಸಲ ಗುರುತು ಹಾಕಬೇಕು, ಒಂದೆರಡು ಮೀಟರ್ ಆಚೀಚೆ ಆಗಿಯೇ ಆಗುತ್ತದೆ. ಆ ಒಂದೆರಡು ಮೀಟರನ್ನೇ ಹಿಡಿದು ದಪ್ಪದ ಪ್ರಶ್ನೆಯನ್ನು ತಳ್ಳಿಹಾಕಿಬಿಡುತ್ತಾರೆ.